ಶೋಭಿತಾಳ ಮುಲಾಮು ಮತ್ತು ನಮ್ಮೂರಿನ ಹನ್ನೊಂದು ಮಂದಿ

ಶೋಭಿತಾ ಮೊದಲ ಸಲ ನಮ್ಮ ಮನೆಗೆ ಬಂದಾಗ ಅವಳ ಚೀಲದಲ್ಲಿ ಒಂದು ತಕ್ಕಡಿ ಇತ್ತು. ಅಕ್ಕಸಾಲಿಗರ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿರುತ್ತಾರಲ್ಲ, ಉಸಿರು ಬಿಟ್ಟರೂ ಅಂಕಿ ಓಡಾಡುವಂಥದ್ದು. ನಡುಮನೆಯ ಮೇಜನ್ನು ಒರೆಸಿ, ಅದರ ಕುಂಟು ಕಾಲಿನ ಕೆಳಗೆ ಕಾಗದ ಮಡಿಸಿಟ್ಟು, ತಕ್ಕಡಿಯ ಮೇಲೆ ಒಂದು ಬಿಳಿಯ ಟ್ಯೂಬ್ ಇಟ್ಟು ತೂಕ ಬರೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಸಾ, ಈಗ ಮೊಣಕೈ ತೋರ್ಸಿ" ಎಂದಳು. ಮೂವತ್ನಾಲ್ಕು ವರ್ಷ ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, 'ಎಲ್ಲಿ, ಕೈ ಚಾಚು' ಎಂದು ಮಕ್ಕಳಿಗೆ ಹೇಳಿ ಅಭ್ಯಾಸವಾದವನು ನಾನು, ವೆಂಕಟರಾಮಯ್ಯ. ಅವತ್ತು ನಾನೇ ಕೈ ಚಾಚಿದೆ.

ನನಗೆ ಸೋರಿಯಾಸಿಸ್. ಡಾಕ್ಟರ ಭಾಷೆಯಲ್ಲಿ ಸೌಮ್ಯವಾದದ್ದು: ಎರಡು ಮೊಣಕೈ, ಎಡ ಮಂಡಿ, ಕಿವಿಯ ಹಿಂದೆ ಒಂದಿಷ್ಟು. ಬೇರೆಯವರಿಗೆ ತಿಂಗಳಿಗೊಮ್ಮೆ ಹೊಸದಾಗುವ ಚರ್ಮ ನಮ್ಮಂಥವರಿಗೆ ನಾಲ್ಕೈದು ದಿನಕ್ಕೇ ಹುಟ್ಟಿಕೊಂಡು ಒಂದರ ಮೇಲೊಂದು ಪೇರಿಸಿಕೊಳ್ಳುತ್ತದೆ. ಅಂಟುವ ರೋಗವಲ್ಲ. ಇದನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ; ಕೇಳಿಸಿಕೊಂಡವರೆಲ್ಲ ಹೌದೌದು ಎಂದು ತಲೆಯಾಡಿಸಿ ಒಂದು ಹೆಜ್ಜೆ ಹಿಂದೆ ಸರಿದಿದ್ದಾರೆ. ನಮ್ಮ ಕಡೆ ಚರ್ಮಕ್ಕೆ ಏನೇ ಬಂದರೂ ಅಪರಾಧಿ ಹಾವು. ವಿಜ್ಞಾನದ ಮೇಷ್ಟರಾದ ನಾನೂ ಹೆಂಡತಿಯ ಮಾತು ಮೀರಲಾಗದೆ ರಾಮನಾಥಪುರಕ್ಕೆ ಹೋಗಿ ಆಶ್ಲೇಷ ಬಲಿ ಮಾಡಿಸಿಕೊಂಡು ಬಂದೆ. ಹಾವಿಗೂ ನನಗೂ ರಾಜಿಯಾಯಿತೋ ಏನೋ, ಮೊಣಕೈಗೆ ಮಾತ್ರ ಯಾರೂ ತಿಳಿಸಲಿಲ್ಲ.

ಹಾಗಾಗಿ ಹಾಸನದ ಚರ್ಮದ ಡಾಕ್ಟರು ಚಂದ್ರಮೌಳಿ, "ಮೇಷ್ಟ್ರೇ, ಒಂದು ಹೊಸ ಮುಲಾಮಿನ ಪರೀಕ್ಷೆ ನಡೀತಿದೆ, ಸೇರ್ತೀರಾ?" ಎಂದು ಕೇಳಿದಾಗ ಎರಡನೇ ಮಾತಿಲ್ಲದೆ ಒಪ್ಪಿದೆ. ಪರೀಕ್ಷೆ ಎಂಬ ಶಬ್ದ ಕೇಳಿದರೆ ಇವತ್ತಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಬೇರೆಯವರನ್ನು ಪರೀಕ್ಷೆಗೆ ಕೂರಿಸಿದ್ದೇ ಹೊರತು ನಾನು ಕೂತು ನಲವತ್ತು ವರ್ಷವಾಗಿತ್ತು ಎನ್ನುವುದು ಹೊಳೆಯಲಿಲ್ಲ.

ಆ ಮುಲಾಮನ್ನು ಮಾಡಿದವಳೇ ಶೋಭಿತಾ. ಊರು ಅರಕಲಗೂಡು ತಾಲ್ಲೂಕಿನ ಕೊಣನೂರು. ತಂದೆ ಚಲುವಯ್ಯ ಅಲ್ಲಿನ ದನದ ಆಸ್ಪತ್ರೆಯಲ್ಲಿ ಅಟೆಂಡರ್ ಆಗಿದ್ದವರು. ಆಗೆಲ್ಲ ದನಗಳ ಗಾಯಕ್ಕೆ, ಕೆಚ್ಚಲು ಬಿರುಕಿಗೆ ಮುಲಾಮನ್ನು ಆಸ್ಪತ್ರೆಯಲ್ಲೇ ಕಲಸುತ್ತಿದ್ದರಂತೆ. ಕಲ್ಲಿನ ಹಲಗೆಯ ಮೇಲೆ ಪುಡಿಯನ್ನೂ ವ್ಯಾಸಲೀನನ್ನೂ ಹಾಕಿ, ಅಗಲವಾದ ಚಮಚದಂಥ ಅಲಗಿನಿಂದ ಚಲುವಯ್ಯ ತೀಡುವುದನ್ನು ಮಗಳು ಸ್ಕೂಲು ಬಿಟ್ಟು ಬಂದು ನೋಡುತ್ತಾ ಕೂರುತ್ತಿದ್ದಳು. ಬೆರಳಿಗೆ ಹರಳು ಸಿಕ್ಕಬಾರದು, ಅಷ್ಟು ನುಣ್ಣಗಾಗಬೇಕು. ಅವಳ ತಾಯಿ ಮಾರಮ್ಮನಿಗೂ ನನ್ನದೇ ಕಾಯಿಲೆ. ಉಳಿದ ಮುಲಾಮನ್ನು ಆಕೆ ಗಂಡನಿಗೆ ತಿಳಿಯದಂತೆ ತನ್ನ ಮೊಣಕೈಗೆ ಬಳಿದುಕೊಂಡು, ಹೊಟ್ಟು ಮೆತ್ತಗಾಗಿ ಉದುರಿದ್ದನ್ನು ಮಗಳಿಗೆ ತೋರಿಸಿದ್ದರು. "ದನುಕ್ಕೆ ಆಗೋದು ನಮ್ಗೆ ಯಾಕಾಗಕಿಲ್ಲ?" ಎಂದಿದ್ದರಂತೆ. ಶೋಭಿತಾ ಫಾರ್ಮಸಿ ಓದಲು ಹೋದದ್ದು ಈ ಪ್ರಶ್ನೆಯನ್ನು ಹಿಡಿದುಕೊಂಡು.

ಓದಿದ್ದು ಹಾಸನದಲ್ಲಿ. ಚೆನ್ನಾಗಿ ಓದಿದಳು. ಅಂಕ ಬಂದಾಗಲೆಲ್ಲ ಹಿಂದಿನ ಬೆಂಚಿನಿಂದ 'ಕೋಟಾ' ಎಂಬ ಪಿಸುಮಾತು ಬರುತ್ತಿತ್ತಂತೆ. ಸೀಟು ಸಿಕ್ಕಿದ್ದು ಮೀಸಲಾತಿಯಲ್ಲಿ ನಿಜ, ಆದರೆ ಉತ್ತರ ಪತ್ರಿಕೆಯನ್ನು ಮೀಸಲಾತಿ ಬರೆಯುವುದಿಲ್ಲ. ಈ ಸರಳ ಸಂಗತಿ ನಮ್ಮ ಜನಕ್ಕೆ ಯಾಕೆ ಅರ್ಥವಾಗುವುದಿಲ್ಲವೋ! ನಮ್ಮ ಜನ ಎಂದೆ. ನನ್ನ ಸ್ಟಾಫ್ ರೂಮಿನಲ್ಲೂ ಅದೇ ಪಿಸುಮಾತು ಇತ್ತು. ನಾನು ಆಡುತ್ತಿರಲಿಲ್ಲ, ಆದರೆ ಕೇಳಿಸಿಕೊಂಡು ಪೇಪರ್ ಓದುತ್ತಿದ್ದೆ.

ಓದು ಮುಗಿಸಿ ಅವಳು ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಅಮರನಾಥ ಎನ್ನುವವರ ಸಣ್ಣ ಮುಲಾಮು ಕಾರ್ಖಾನೆ ಸೇರಿದಳು. ನೋವಿನ ಮುಲಾಮು, ಹಿಮ್ಮಡಿ ಬಿರುಕಿನ ಮುಲಾಮು ಮಾಡುತ್ತಿದ್ದ ಜಾಗ. ಸೌಮ್ಯವಾದ ಸೋರಿಯಾಸಿಸ್‌ಗೆ, ಡಾಕ್ಟರ ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಳ್ಳಬಹುದಾದ, ಕೈಗೆಟಕುವ ಮುಲಾಮು ಮಾಡೋಣ ಎಂದು ಅವಳೇ ಯಜಮಾನರನ್ನು ಒಪ್ಪಿಸಿದ್ದು. ಇದಕ್ಕೆ ಕಲ್ಲಿದ್ದಲಿನ ಟಾರು, ಹೊಟ್ಟು ಸಡಿಲಿಸುವ ಸ್ಯಾಲಿಸಿಲಿಕ್ ಆಮ್ಲ ಎರಡೂ ಹಳೆಯ ಮದ್ದುಗಳೇ. ತೊಂದರೆಯೆಂದರೆ ಟಾರು ನಾರುತ್ತದೆ, ರಸ್ತೆಗೆ ಡಾಂಬರು ಹಾಕಿದ ಹಾಗೆ. ಬಿಳಿ ಪಂಚೆಗೆ ತಾಕಿದರೆ ಕಲೆ ಹೋಗುವುದಿಲ್ಲ. ಶಾಂತಿಗ್ರಾಮದ ಒಬ್ಬ ಹೆಂಗಸು ಅದನ್ನು ಹಚ್ಚಿಕೊಂಡು ಹಾಲು ಕರೆದಿದ್ದಕ್ಕೆ ಡೈರಿಯಲ್ಲಿ ಕ್ಯಾನಿಗೆ ಮೂಗಿಟ್ಟು ನೋಡಿ ಹಾಲನ್ನು ವಾಪಸು ಕಳಿಸಿದ್ದರಂತೆ. ವಾಸನೆ ಇಳಿಸಬೇಕು, ಬಣ್ಣ ಇಳಿಸಬೇಕು, ಗುಣ ಮಾತ್ರ ಇಳಿಯಬಾರದು. ಇದಕ್ಕೆ ಅವಳಿಗೆ ನಾಲ್ಕು ವರ್ಷ ಹಿಡಿಯಿತು. ಚನ್ನರಾಯಪಟ್ಟಣದ ಏಪ್ರಿಲ್ ಬಿಸಿಲಿಗೆ ಮುಲಾಮು ಕರಗಿ ಎಣ್ಣೆ ಬಿಡುತ್ತಿತ್ತು. ಅದನ್ನು ಸರಿಮಾಡಿದರೆ ಕೊಣನೂರಿನ ಚಳಿಗೆ ಟ್ಯೂಬಿನಿಂದ ಹೊರಗೇ ಬರುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಬಿಸಿ ಪೆಟ್ಟಿಗೆ, ತಂಪು ಪೆಟ್ಟಿಗೆ ಇದ್ದರೂ ಅವಳು ನಂಬುತ್ತಿದ್ದುದು ಸರ್ಕಾರಿ ಬಸ್ಸನ್ನು. ಸ್ಯಾಂಪಲ್ ಟ್ಯೂಬುಗಳನ್ನು ಚೀಲದಲ್ಲಿ ಹಾಕಿಕೊಂಡು ಭಾನುವಾರಗಳಲ್ಲಿ ಊರೂರು ಸುತ್ತುತ್ತಿದ್ದಳು. "ಜನ ಮುಲಾಮ್ನ ಪೆಟ್ಗೇಲಿ ಇಡಲ್ಲ ಸಾ, ಬ್ಲೌಸಲ್ಲಿ, ಜೇಬಲ್ಲಿ, ಕಿಟ್ಕಿ ಮೇಲೆ ಇಡ್ತಾರೆ" ಎನ್ನುತ್ತಿದ್ದಳು.

ಪರೀಕ್ಷೆಗೆ ನಾಲ್ಕು ಊರುಗಳಿಂದ ಒಟ್ಟು ನಲವತ್ತು ಮಂದಿ. ಹಾಸನ, ಚನ್ನರಾಯಪಟ್ಟಣ, ಅರಕಲಗೂಡು ಸೇರಿ ಇಪ್ಪತ್ತೊಂಬತ್ತು, ನಮ್ಮ ಹೊಳೆನರಸೀಪುರದಿಂದ ಹನ್ನೊಂದು. ಹನ್ನೆರಡು ವಾರ ಬೆಳಿಗ್ಗೆ ಸಂಜೆ ಹಚ್ಚಬೇಕು. ತೋರುಬೆರಳಿನ ಮೇಲಿನ ಗೆಣ್ಣಿನಷ್ಟು ಮುಲಾಮು ಒಂದು ಮೊಣಕೈಗೆ. ಹಚ್ಚಿದ ದಿನ ಕಾರ್ಡಿನಲ್ಲಿ ಗುರುತು ಹಾಕಬೇಕು. ಬೇರೆ ಯಾವ ಮದ್ದನ್ನೂ ಚರ್ಮಕ್ಕೆ ಮುಟ್ಟಿಸಕೂಡದು. ಮೊದಲು ಒಮ್ಮೆ, ನಡುವೆ ಒಮ್ಮೆ, ಕೊನೆಗೊಮ್ಮೆ ಡಾ. ಚಂದ್ರಮೌಳಿ ನೋಡಿ ಅಂಕ ಕೊಡುತ್ತಾರೆ.

ಅಂಕ! ನಾನು ಯಾರೂ ಕೇಳದೆಯೇ ನಮ್ಮೂರಿನ ಹನ್ನೊಂದು ಮಂದಿಗೆ ಮಾನಿಟರ್ ಆದೆ. ವಾಟ್ಸಾಪಿನಲ್ಲಿ ಗುಂಪು ಮಾಡಿ ದಿನಾ ಬೆಳಿಗ್ಗೆ 'ಹಚ್ಚಿದಿರಾ?' ಎಂದು ಹಾಕುತ್ತಿದ್ದೆ. ಶಿಶುವಿಹಾರದ ಟೀಚರ್ ವಸಂತ ಎಲ್ಲರಿಗಿಂತ ಮೊದಲು 'ಆಯ್ತು ಮೇಷ್ಟ್ರೇ' ಎಂದು ಉತ್ತರಿಸುತ್ತಿದ್ದಳು. ಅವಳಿಗೆ ಎರಡು ಮಣಿಕಟ್ಟಿನ ಮೇಲೂ ಇತ್ತು. ತಾಯಂದಿರು ಮಕ್ಕಳನ್ನು ಅವಳ ಕೈಗೆ ಒಪ್ಪಿಸುವಾಗ ಮಣಿಕಟ್ಟನ್ನೇ ನೋಡುತ್ತಿದ್ದರಂತೆ. ಸೆಖೆಗಾಲದಲ್ಲೂ ತುಂಬು ತೋಳಿನ ರವಿಕೆ ಹಾಕುತ್ತಿದ್ದ ಹೆಂಗಸು.

ಶೋಭಿತಾ ಹದಿನೈದು ದಿನಕ್ಕೊಮ್ಮೆ ಬಂದು ಟ್ಯೂಬ್ ತೂಗಿ, ಕಾರ್ಡ್ ನೋಡಿ, ನನ್ನ ಹೆಂಡತಿ ಹಂಸ ಕೊಟ್ಟ ಕಾಫಿ ಕುಡಿದು ಹೋಗುತ್ತಿದ್ದಳು. ನಮಗೆ ಹೆಣ್ಣುಮಕ್ಕಳಿಲ್ಲ. ಅವಳು ಬರುವ ದಿನ ಹಂಸ ಬೆಳಿಗ್ಗೆಯೇ ಕೋಡುಬಳೆ ಕರಿಯುತ್ತಿದ್ದಳು. ನಾನು ಒಂದು ಸಲ, "ಅಷ್ಟೊಂದು ಕರಾರುವಾಕ್ಕು ಯಾಕಮ್ಮಾ, ಇದೇನು ರಾಕೆಟ್ಟೇ?" ಎಂದು ರೇಗಿಸಿದೆ. ಅವಳು ನಗಲಿಲ್ಲ.

"ಚೀಟಿ ಇಲ್ದಿರೋ ಮದ್ದು ಸಾ. ಅಂಗಡೀಲಿ ಡಾಕ್ಟ್ರು ಕೂತಿರಲ್ಲ. ಡಬ್ಬಿ ಮೇಲೆ ಏನ್ ಬರ್ದಿದೀವೋ ಅದೇ ಡಾಕ್ಟ್ರು. ಅದು ಸುಳ್ಳು ಹೇಳಿದ್ರೆ ನಮ್ಮವ್ವನಂಥೋರು ಯಾರನ್ನ ಕೇಳ್ತಾರೆ?"

ನಡುವಿನ ತಪಾಸಣೆ ಮುಗಿಸಿ, ಟ್ಯೂಬನ್ನು ಜೊತೆಗೇ ಒಯ್ಯುತ್ತೇನೆಂದು ಶೋಭಿತಾಳಿಗೆ ಹೇಳಿ, ಐದನೇ ವಾರ ನಾನೂ ಹಂಸಳೂ ಕಾಶಿಗೆ ಹೊರಟೆವು. ಇಪ್ಪತ್ತು ದಿನದ ಪ್ರವಾಸ. ಗಂಗಾಜಲಕ್ಕೆ ತಂಬಿಗೆ, ಪಿಂಡಕ್ಕೆ ಎಳ್ಳು, ಸ್ವೆಟರು, ಚಕ್ಕುಲಿ ಎಲ್ಲ ನೆನಪಾಯಿತು, ಟ್ಯೂಬು ಒಂದು ಬಿಟ್ಟು. ಮೊಣಕೈ ಮತ್ತೆ ಮೊದಲಿನಂತಾಯಿತು. ಊರಿಗೆ ಬಂದು ವಿಚಾರಿಸಿದರೆ, ಮಾನಿಟರ್ ಇಲ್ಲದ ತರಗತಿ ಹೇಗಿರಬೇಕೋ ಹಾಗೇ ಇತ್ತು. ಅರ್ಧ ಜನ ದಿನಕ್ಕೊಮ್ಮೆ ಹಚ್ಚುತ್ತಿದ್ದರು, ಇಬ್ಬರು ಬಿಟ್ಟೇಬಿಟ್ಟಿದ್ದರು. ಕಾರ್ಡುಗಳಲ್ಲಿ ಮಾತ್ರ ಒಂದು ದಿನವೂ ಖಾಲಿಯಿಲ್ಲ. ಪಾಪ, ಅಷ್ಟು ದೂರದಿಂದ ಬರುತ್ತಾಳೆ ಹುಡುಗಿ, ಅವಳ ಮನಸ್ಸಿಗೆ ನೋವಾಗಬಾರದು ಎಂದು ಎಲ್ಲರೂ ಗುರುತು ಹಾಕಿದ್ದರು. ನಾನೂ ಹಾಕಿದೆ. ತಕ್ಕಡಿ ಸುಳ್ಳು ಹೇಳುವುದಿಲ್ಲವಲ್ಲ, ಅದಕ್ಕೆ ಉಳಿದವರಂತೆ ನಾನೂ ಇಪ್ಪತ್ತು ದಿನದ ಮುಲಾಮನ್ನು ಹಿಂಡಿ ಬಚ್ಚಲಿಗೆ ಬಿಟ್ಟೆ.

ಇಲ್ಲಿಗೆ ನಿಲ್ಲಿಸಿದ್ದರೆ ಬರೀ ಸೋಮಾರಿತನವಾಗುತ್ತಿತ್ತು. ಆದರೆ ನಾನು ಮೇಷ್ಟರು. ಇನ್‌ಸ್ಪೆಕ್ಟರು ಬರುತ್ತಾರೆಂದರೆ ಸ್ಕೂಲಿಗೆ ಸುಣ್ಣ ಹೊಡೆಸಿ, ಜಾಣ ಹುಡುಗರನ್ನು ಮುಂದಿನ ಸಾಲಿಗೆ ಕೂರಿಸಿ, ಕೇಳಬಹುದಾದ ಪ್ರಶ್ನೆಗೆ ಉತ್ತರ ಉರು ಹೊಡೆಸಿ ಇಟ್ಟವನು. ಅದನ್ನು ಮೋಸ ಎಂದು ಯಾರೂ ಅನ್ನುತ್ತಿರಲಿಲ್ಲ; ಸ್ಕೂಲಿನ ಮರ್ಯಾದೆ ಎನ್ನುತ್ತಿದ್ದೆವು. ಕೊನೆಯ ತಪಾಸಣೆಗೆ ನಾಲ್ಕು ವಾರ ಇರುವಾಗ ನಾನು ಬಸ್ ಸ್ಟ್ಯಾಂಡಿನ ಹತ್ತಿರ ಮೆಡಿಕಲ್ ಸ್ಟೋರ್ ಇಟ್ಟಿರುವ ಪಾಲಾಕ್ಷನ ಬಳಿ ಹೋದೆ. ಅವನು ನನ್ನ ಹಳೆಯ ವಿದ್ಯಾರ್ಥಿ.

"ಚರ್ಮಕ್ಕೆ ಬೇಗ ಕೆಲಸ ಮಾಡುವಂಥದ್ದು ಏನಾದರೂ ಇದೆಯೇನಯ್ಯಾ?"

"ಇದ್ ಅಚ್ಚಿ ಸಾ," ಎಂದು ಪಾಲಾಕ್ಷ ಒಂದು ಪುಟ್ಟ ಟ್ಯೂಬ್ ಮುಂದಿಟ್ಟ. "ಕಜ್ಜಿ, ತುರಿ, ಮಖದ್ ಕಲೆ, ಎಲ್ಲಕ್ಕೂ ಇದೇ ತಗಂಡೋಯ್ತಾರೆ. ಅದಿನೈದ್ ದಿನುಕ್ಕೆ ಎಂಗಾಯ್ತದೆ ನೋಡಿ!"

ಚೀಟಿಯಿಲ್ಲದೆ ಮಾರಬಾರದ ಸ್ಟೀರಾಯ್ಡ್ ಅದು. ಟ್ಯೂಬಿನ ಮೇಲೆ ಕೆಂಪು ಗೆರೆಯಿತ್ತು. ಗೆರೆಯ ಪಕ್ಕದ ಸಣ್ಣ ಅಕ್ಷರ ಓದಲು ನಾನು ಕನ್ನಡಕ ತೆಗೆಯಲಿಲ್ಲ. ಹನ್ನೊಂದು ಟ್ಯೂಬ್ ತಂದು ಹನ್ನೊಂದು ಮನೆಗೂ ನಾನೇ ಹಂಚಿದೆ. "ಶೋಭಿತಾಳ ಮುಲಾಮಿನ ಜೊತೆಗೆ ಇದನ್ನೂ ಹಚ್ಚಿ. ನಮ್ಮ ಊರಿಂದ ಆ ಹುಡುಗಿಗೆ ಕೆಟ್ಟ ಹೆಸರು ಬರಬಾರದು" ಎಂದೆ. ವಸಂತ ಒಬ್ಬಳು, "ಬೇರೇದು ಹಚ್ಚಬಾರದು ಅಂದಿದ್ದರಲ್ಲ ಮೇಷ್ಟ್ರೇ?" ಎಂದು ಕೇಳಿದಳು. "ನಾನು ಹೇಳ್ತಿದೀನಲ್ಲಮ್ಮ" ಎಂದೆ.

ಹೊಳೆನರಸೀಪುರ ಮೊದಲ ದರ್ಜೆಯಲ್ಲಿ ಪಾಸಾಯಿತು. ಬೇರೆ ಮೂರು ಊರುಗಳಲ್ಲಿ ಕೆಲವರಿಗೆ ಅರ್ಧ ಇಳಿದಿತ್ತು, ಕೆಲವರಿಗೆ ಕಾಲು ಭಾಗ, ಕೆಲವರಿಗೆ ಏನೂ ಇಲ್ಲ. ನಮ್ಮ ಹನ್ನೊಂದು ಮಂದಿಯ ಚರ್ಮ ಮಾತ್ರ ಸುಣ್ಣ ಹೊಡೆದ ಗೋಡೆ. ನಮ್ಮಿಂದಾಗಿ ಒಟ್ಟು ಫಲಿತಾಂಶ ಎಲ್ಲರ ನಿರೀಕ್ಷೆ ಮೀರಿತು. ಶೋಭಿತಾ ಅಂಕಪಟ್ಟಿ ಹಿಡಿದುಕೊಂಡು ಮನೆಗೆ ಬಂದಳು. ಅವಳು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಮರನಾಥ ಡಬ್ಬಿ ಅಚ್ಚು ಹಾಕಿಸಲು ಹೇಳಿಬಿಟ್ಟಿದ್ದಾರೆ, ಅಪ್ಪ ಕೊಣನೂರಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಾರೆ ಎಂದಳು. ನಾನು ಅವಳ ಬೆನ್ನು ತಟ್ಟಿ, "ಭೇಷ್" ಎಂದೆ. ನನ್ನ ಮನಸ್ಸಿನಲ್ಲಿ ಆಗ ಅಳುಕಿತ್ತೇ ಎಂದು ಯಾರಾದರೂ ಕೇಳಿದರೆ, ಇರಲಿಲ್ಲ. ಹೆಮ್ಮೆಯಿತ್ತು. ಅದೇ ಈಗ ಹೆಚ್ಚು ಚುಚ್ಚುತ್ತದೆ.

ತಪಾಸಣೆ ಮುಗಿದಿದ್ದರಿಂದ ಎಲ್ಲರೂ ಪಾಲಾಕ್ಷನ ಟ್ಯೂಬನ್ನು ನಿಲ್ಲಿಸಿದೆವು. ಮೂರನೇ ವಾರಕ್ಕೆ ನನ್ನ ಮೊಣಕೈ ಉರಿಯತೊಡಗಿತು. ಮೊದಲು ರೂಪಾಯಿಯಗಲ ಇದ್ದದ್ದು ಅಂಗೈಯಗಲವಾಯಿತು. ಒಂದು ಬೆಳಿಗ್ಗೆ ವಸಂತ ಬಂದು ಬಾಗಿಲಲ್ಲಿ ನಿಂತಳು. ಒಳಗೆ ಬಾ ಎಂದರೂ ಬರದೆ ಸೆರಗಿನಿಂದ ಕೈ ಹೊರಗೆ ತೆಗೆದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಕೆಂಡದ ಬಣ್ಣ. "ಸ್ಕೂಲಿಗೆ ಸ್ವಲ್ಪ ದಿನ ಬರೋದು ಬೇಡ ಅಂದಿದ್ದಾರೆ ಮೇಷ್ಟ್ರೇ" ಎಂದಳು. ಬೈದಿದ್ದರೆ ವಾಸಿಯಿತ್ತು. ಅವಳು ಬೈಯಲಿಲ್ಲ.

ನಮ್ಮೂರಿನವರಲ್ಲಿ ಏಳು ಮಂದಿಗೆ ಹೀಗೇ ಆಗಿತ್ತು. ಸುದ್ದಿ ತಿಳಿದ ದಿನವೇ ಶೋಭಿತಾ ಬಂದು ನನ್ನನ್ನೂ ಕರೆದುಕೊಂಡು ಮನೆಮನೆ ತಿರುಗಿದಳು. ಎಲ್ಲರ ಕೈ ಹಿಡಿದು ನೋಡಿ ಫೋಟೋ ತೆಗೆದುಕೊಂಡಳು. "ಬೇರೇನಾದ್ರೂ ಹಚ್ಚಿದ್ರಾ?" ಎಂದು ಪ್ರತಿಯೊಬ್ಬರನ್ನೂ ಕೇಳಿದಳು. ಎಲ್ಲರೂ ನನ್ನ ಮುಖ ನೋಡಿ "ಇಲ್ಲ" ಎಂದರು. ನನ್ನನ್ನೂ ಕೇಳಿದಳು. "ಇಲ್ಲಮ್ಮ" ಎಂದೆ.

ಹೋಗುವಾಗ ಅವಳು ಕಾಫಿ ಕುಡಿಯಲಿಲ್ಲ. "ನನ್ನ ಮುಲಾಮೇ ಸಾ. ನಿಲ್ಸಿದ ಮೇಲೆ ಹಿಂಗೆ ತಿರುಗಿ ಬೀಳ್ತಿದೆ. ನಾಲ್ಕು ವರ್ಷದಲ್ಲಿ ಎಲ್ಲೋ ತಪ್ಪಿದೀನಿ. ಸೋಮವಾರ ಅಮರನಾಥ್ ಸಾರ್‌ಗೆ ಬರ್ದು ಕೊಟ್ಬಿಡ್ತೀನಿ, ಇದ್ನ ಮಾರೋದು ಬೇಡ ಅಂತ" ಎಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಕೈಚೀಲದ ಜಿಪ್ಪನ್ನು ಮೂರು ಸಲ ಎಳೆದರೂ ಹಾಕಲಾಗಲಿಲ್ಲ.

ಅವಳು ಹೋದ ಮೇಲೆ ಹಂಸ ಅಡಿಗೆಮನೆಯಿಂದ ಬಂದಳು. ಅವಳಿಗೆ ಎಲ್ಲ ಗೊತ್ತಿತ್ತು. ಟ್ಯೂಬುಗಳನ್ನು ಹನ್ನೊಂದು ಪೊಟ್ಟಣ ಕಟ್ಟಿಕೊಟ್ಟವಳು ಅವಳೇ. "ನಾಳೆ ಭಾನುವಾರ. ಅವಳು ಊರಲ್ಲಿರ್ತಾಳೆ. ಹೋಗಿ ಹೇಳಿ ಬನ್ನಿ" ಎಂದಳು.

"ಹೇಳಿದರೆ ಆ ಹುಡುಗಿ ಇನ್ನು ನಮ್ಮ ಮನೆ ಮೆಟ್ಟಿಲು ಹತ್ತುತ್ತಾಳೇನೇ?"

"ಹತ್ತದೇ ಇರ್ಲಿ ಬಿಡಿ. ಮಾಡದ ತಪ್ಪನ್ನ ಅವಳು ಹೊತ್ಕೊಂಡು ಕೂತಿದಾಳೆ. ನೀವು ಕಾಶಿಗೆ ಹೋಗಿ ಬಂದೋರು!"

ಬೆಳಗಿನ ಬಸ್ಸಿಗೆ ಅರಕಲಗೂಡಿಗೆ ಹೋಗಿ, ಅಲ್ಲಿಂದ ಕೊಣನೂರಿನ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಉರು ಹೊಡೆದೆ. ಇಳಿದಾಗ ಒಂದೂ ನೆನಪಿರಲಿಲ್ಲ. ಚಲುವಯ್ಯನವರ ಮನೆ ಎಲ್ಲಿ ಎಂದು ಕೇಳಿದೆ. ಅಂಗಡಿಯವನು ನನ್ನನ್ನು ಒಮ್ಮೆ ಅಡಿಯಿಂದ ಮುಡಿವರೆಗೆ ನೋಡಿ ದಾರಿ ತೋರಿಸಿದ.

ಚಲುವಯ್ಯ ಜಗಲಿಯಿಂದ ಧಡಕ್ಕನೆ ಎದ್ದು ನಿಂತರು. "ಬನ್ನಿ ಸಾ, ನಮ್ಮ ಮಗ ನಿಮ್ ಇಸ್ಯ ಯಾವಾಗ್ಲೂ ಯೋಳ್ತಿರ್ತದೆ. ಒಳಿಕ್ ಬನ್ನಿ" ಎಂದರು. ನಮ್ಮ ಕಡೆ ಮಗಳನ್ನು ಮುದ್ದಿಗೆ ಹಾಗೆ ಮಗ ಎನ್ನುವುದುಂಟು. ಒಳಗೆ ಗೋಡೆಯ ಮೇಲೆ ಬುದ್ಧ, ಅಂಬೇಡ್ಕರ್ ಪಟ, ಅದರ ಕೆಳಗೆ ಶೋಭಿತಾಳ ಘಟಿಕೋತ್ಸವದ ಫೋಟೋ. ಶೋಭಿತಾ ಮೇಜಿನ ಮುಂದೆ ಕಾಗದ ಹರಡಿಕೊಂಡು ಕೂತಿದ್ದಳು. ಮಾರಮ್ಮ ಬಾಗಿಲ ಬಳಿ ನಿಂತು, ಸ್ವಲ್ಪ ತಡೆದು ಕೇಳಿದರು. "ಕಾಪಿ ಕುಡೀತೀರಾ ಸಾ, ನಮ್ಮನೇಲಿ?"

"ಕೊಡಿ ತಾಯಿ" ಎಂದೆ. ಕುಡಿದೆ. ಇದನ್ನು ಸಾಹಸವೆಂಬಂತೆ ಬರೆಯಲು ನನಗೆ ನಾಚಿಕೆ. ಅರವತ್ತೇಳನೇ ವಯಸ್ಸಿಗೆ ಅದು ಮೊದಲ ಸಲ ಎನ್ನುವುದು ಇನ್ನೂ ದೊಡ್ಡ ನಾಚಿಕೆ. ನಮ್ಮ ಮನೆಯಲ್ಲಿ ಆ ಹುಡುಗಿ ಅಷ್ಟು ಸಲ ಕಾಫಿ ಕುಡಿದಿದ್ದನ್ನು ನನ್ನ ಲೆಕ್ಕಕ್ಕೆ ಪುಣ್ಯವೆಂದು ಬರೆದುಕೊಂಡಿದ್ದೆ ಎಂಬುದು ಆ ಲೋಟ ಹಿಡಿದಾಗ ತಿಳಿಯಿತು.

ಲೋಟ ಕೆಳಗಿಟ್ಟು ಹೇಳಿದೆ. ಕಾಶಿ, ಬಚ್ಚಲು, ಪಾಲಾಕ್ಷ, ಹನ್ನೊಂದು ಪೊಟ್ಟಣ, ಎಲ್ಲ. ಮುಗಿಸಿ, ಪಾಲಾಕ್ಷ ಕೊಟ್ಟಿದ್ದ ಟ್ಯೂಬನ್ನು, ಖಾಲಿಯಾದದ್ದನ್ನು, ಜೇಬಿನಿಂದ ತೆಗೆದು ಕೊಟ್ಟೆ. ಶೋಭಿತಾ ಅದರ ಹೆಸರು ಓದಿ, "ಸ್ಟೀರಾಯ್ಡ್ ಸಾ ಇದು. ತಟ್ಟಂತ ನಿಲ್ಸಿದ್ರೆ ಹಿಂಗೇ ತಿರುಗಿ ಬೀಳುತ್ತೆ" ಎಂದಳು.

"ಹಂಗಾದ್ರೆ ನನ್ನ ಮುಲಾಮು ಕೆಟ್ಟದ್ದಲ್ಲ" ಎಂದಳು ಕೊನೆಗೆ, ತನಗೇ ಹೇಳಿಕೊಳ್ಳುವಂತೆ.

"ಅಲ್ಲಮ್ಮ. ನಿನಗೆ ಒಳ್ಳೇದಾಗಲಿ ಅಂತ ನಾನು..."

"ಸಾ." ಅವಳ ದನಿ ಏರಲಿಲ್ಲ. "ಹತ್ತನೇ ಕ್ಲಾಸಿಂದ ನೋಡ್ತಾ ಇದೀನಿ. ನನ್ನ ಯಾವ ಮಾರ್ಕ್ಸ್ ನೋಡಿದ್ರೂ ಜನ ಒಂದೇ ಮಾತು ಅನ್ನೋದು, ಯಾರೋ ಕೊಟ್ಟಿರ್ತಾರೆ ಅಂತ. ಇದೊಂದು ಯಾರೂ ಕೊಟ್ಟಿದ್ದಲ್ಲ, ನಾನೇ ಸಂಪಾದ್ಸಿದ್ದು ಅನ್ಕೊಂಡಿದ್ದೆ. ಇದನ್ನೂ ನೀವ್ ಕೊಟ್ರಿ." ಟ್ಯೂಬನ್ನು ನನ್ನ ಕಡೆಗೆ ತಳ್ಳಿ ಅಂದಳು: "ನಿಮ್ಮ ಉಪಕಾರ ಬೇಡ್ವಾಗಿತ್ತು ಸಾ. ನಿಮ್ಮ ಮೊಣಕೈ ಸಾಕಾಗಿತ್ತು."

ಮಾರಮ್ಮ ಒಳಗಿಂದ, "ದೊಡ್ಡೋರ್ಗೆ ಅಂಗನ್ಬಾರ್ದು ಕಣವ್ವ" ಎಂದರು. ಚಲುವಯ್ಯ, "ನೀ ಸುಮ್ಕಿರು" ಎಂದು ಹೆಂಡತಿಗೆ ಹೇಳಿದರು.

ಶೋಭಿತಾ ಒಂದು ಹಾಳೆ ಕೊಟ್ಟು, ಹೇಳಿದ್ದನ್ನೆಲ್ಲ ಬರೆದು ಸಹಿ ಹಾಕಿ ಎಂದಳು. ಯಾರು ಯಾವತ್ತಿಂದ ಯಾವತ್ತಿನವರೆಗೆ ಹಚ್ಚಿದರು, ದಿನಕ್ಕೆಷ್ಟು ಸಲ, ನಿಲ್ಲಿಸಿದ್ದು ಯಾವಾಗ. ನಾನು ಮುತ್ತು ಪೋಣಿಸಿದಂತೆ ಬರೆದೆ. 'ಮೇಲ್ಕಂಡ ಮುಲಾಮನ್ನು ನಾನು ಸದುದ್ದೇಶದಿಂದ ವಿತರಿಸಿರುತ್ತೇನೆ' ಎಂದು ಮುಗಿಸಿದೆ. ಅವಳು ಓದಿ, ಪೆನ್ನು ತೆಗೆದುಕೊಂಡು 'ಸದುದ್ದೇಶದಿಂದ' ಎಂಬ ಪದದ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಲು ನನಗೆ ಹೇಳಿದಳು. ಹಾಕಿದೆ. ಸಾವಿರಾರು ಉತ್ತರ ಪತ್ರಿಕೆ ತಿದ್ದಿದ್ದೇನೆ. ನನ್ನ ವಾಕ್ಯವನ್ನು ಅಷ್ಟು ಸರಿಯಾಗಿ ತಿದ್ದಿದವರು ಅಲ್ಲಿವರೆಗೆ ಯಾರೂ ಇರಲಿಲ್ಲ.

ಆಮೇಲಿನದು ಅವಳ ಕೆಲಸ. ಆ ಸಂಜೆಯೇ ಡಾ. ಚಂದ್ರಮೌಳಿಗೆ ಫೋನ್ ಮಾಡಿ ನಮ್ಮ ಹನ್ನೊಂದು ಮಂದಿಯ ತಪಾಸಣೆಗೆ, ಚಿಕಿತ್ಸೆಗೆ ಏರ್ಪಾಡು ಮಾಡಿದಳು. ವಸಂತಳನ್ನು ತಾನೇ ಕರೆದುಕೊಂಡು ಹೋದಳು. ಕೆಂಪು ಇಳಿಯಲು ಎರಡು ತಿಂಗಳು ಹಿಡಿಯಿತು. ಇದು ಅಂಟುವುದಿಲ್ಲ ಎಂದು ಡಾಕ್ಟರು ಬರೆದ ಪತ್ರ ಹಿಡಿದು ನಾನು ಶಿಶುವಿಹಾರದ ಕಮಿಟಿಯವರ ಮನೆಗಳಿಗೆ ಹೋದೆ, ತಪ್ಪು ನನ್ನದು ಎಂದು ಎಲ್ಲರೆದುರು ಹೇಳಿದೆ. ವಸಂತ ಕೆಲಸಕ್ಕೆ ವಾಪಸಾದಳು. ನನ್ನ ವಾಟ್ಸಾಪ್ ಗುಂಪಿನಿಂದ ಎಲ್ಲರಿಗಿಂತ ಮೊದಲು ಹೊರಗೆ ಹೋದವಳೂ ಅವಳೇ.

ಫಲಿತಾಂಶವನ್ನು ಪೂರ್ತಿ ರದ್ದು ಮಾಡಿ ಮೊದಲಿಂದ ಪರೀಕ್ಷೆ ನಡೆಸಬೇಕೆಂದು ಶೋಭಿತಾ ಹಠ ಹಿಡಿದಳು. ಅಮರನಾಥ ಕೂಗಾಡಿದರಂತೆ. ಡಬ್ಬಿ ಅಚ್ಚಾಗಿದೆ, ಉಳಿದ ಇಪ್ಪತ್ತೊಂಬತ್ತು ಮಂದಿಯದೇ ಸಾಕಲ್ಲ ಎಂದರಂತೆ. ಸಾಲದು, ನಮ್ಮ ಊರಿನವರು ಹೀಗೆ ಮಾಡಿದ ಮೇಲೆ ಮಿಕ್ಕ ಊರಿನ ಕಾರ್ಡುಗಳನ್ನು ಯಾವ ಧೈರ್ಯದ ಮೇಲೆ ನಂಬುವುದು ಎಂದು ಅವಳು ಜಗ್ಗಲಿಲ್ಲ. ಇನ್ನೂ ಒಂದು ವರ್ಷ ಹೋಯಿತು. ಈ ಸಲ ಕಾರ್ಡಿನಲ್ಲಿ ಅವಳೊಂದು ಹೊಸ ಸಾಲು ಸೇರಿಸಿದ್ದಳು: 'ಹಚ್ಚದಿದ್ದರೆ ಹಚ್ಚಲಿಲ್ಲ ಎಂದೇ ಬರೆಯಿರಿ. ಅದರಿಂದ ನಮಗೆ ಬೇಸರವಿಲ್ಲ.' ನನ್ನನ್ನೂ ಸೇರಿಸಿಕೊಳ್ಳಮ್ಮ ಎಂದು ಫೋನ್ ಮಾಡಿ ಬೇಡಿದೆ. "ಆಗಲ್ಲ ಸಾ" ಎಂದಳು. ಮಾತಿನಲ್ಲಿ ಒರಟಿರಲಿಲ್ಲ, ಸಡಿಲವೂ ಇರಲಿಲ್ಲ. ಫೇಲಾದ ಹುಡುಗರು ಮನೆಗೆ ಹೋಗುವ ದಾರಿ ಎಷ್ಟು ಉದ್ದವಿರುತ್ತದೆಂದು ನನಗೆ ಆಗ ಗೊತ್ತಾಯಿತು.

ಈ ವರ್ಷ ಮುಲಾಮು ಅಂಗಡಿಗೆ ಬಂತು. ಡಬ್ಬಿಯ ಮೇಲೆ ಕನ್ನಡದಲ್ಲಿ, ಕನ್ನಡಕವಿಲ್ಲದೆ ಓದುವಷ್ಟು ದಪ್ಪಕ್ಕೆ ಬರೆದಿದೆ: 'ಸೌಮ್ಯ ಸೋರಿಯಾಸಿಸ್‌ಗೆ ಮಾತ್ರ. ಇದು ರೋಗವನ್ನು ಪೂರ್ತಿ ವಾಸಿ ಮಾಡುವುದಿಲ್ಲ, ಕಡಿಮೆ ಮಾಡಬಹುದು. ಹೆಚ್ಚಾದರೆ ಡಾಕ್ಟರನ್ನು ಕಾಣಿ.' ವಾಸಿ ಮಾಡುವುದಿಲ್ಲ ಎಂದು ಬರೆದರೆ ಯಾವನು ಕೊಳ್ಳುತ್ತಾನೆ ಎಂದು ಅಮರನಾಥ ಕೇಳಿದ್ದರಂತೆ. ನಾನು ಕೊಂಡೆ. ಡಾಕ್ಟರನ್ನು ಕೇಳಿಯೇ ಕೊಂಡೆ. ಕಾರ್ಡಿಲ್ಲ, ತೂಕವಿಲ್ಲ, ಬಂದು ನೋಡುವವರಿಲ್ಲ. ಒಂದು ಗೆಣ್ಣಿನಷ್ಟು, ಬೆಳಿಗ್ಗೆ ಸಂಜೆ, ಹನ್ನೆರಡು ವಾರ ಹಚ್ಚಿದೆ. ನಾಲ್ಕು ದಿನ ಮರೆತೆ, ಅದನ್ನು ಕ್ಯಾಲೆಂಡರಿನಲ್ಲಿ ಮರೆತೆ ಎಂದೇ ಬರೆದೆ.

ಹನ್ನೆರಡನೇ ವಾರ ಮುಗಿದ ದಿನ ಶೋಭಿತಾಳಿಗೆ ಫೋನ್ ಮಾಡಿದೆ. ಒಂದು ವರ್ಷದ ಮೇಲೆ ಮಾತಾಡುತ್ತಿದ್ದೆ. ಎತ್ತುತ್ತಾಳೋ ಇಲ್ಲವೋ ಎಂಬ ಅನುಮಾನವಿತ್ತು. ಎತ್ತಿದಳು.

"ಎಡ ಮೊಣಕೈ ಅರ್ಧ ಇಳಿದಿದೆಯಮ್ಮ" ಎಂದೆ. "ಬಲದ್ದು ಅರ್ಧಕ್ಕಿಂತ ಕಡಿಮೆ. ಮಂಡಿಯಲ್ಲಿ ಏನೂ ಬದಲಾಗಿಲ್ಲ."

ಆ ಕಡೆ ಪೆನ್ನು ಕಾಗದದ ಮೇಲೆ ಓಡುವ ಸದ್ದು ಕೇಳಿತು.

"ಅಷ್ಟೇ ಸಾ," ಎಂದಳು. "ಅವತ್ತೂ ಅಷ್ಟು ಹೇಳಿದ್ರೆ ಸಾಕಾಗಿತ್ತು ನಂಗೆ."